ಬೆಟ್ಟದ ಫೋಟೋ ಯಾಕೆ ಮಂಕಾಗಿ ಬರತ್ತೆ, ಎಡಿಟಿಂಗಲ್ಲಿ ಏನ್ ಮಾಡ್ಬೇಕು, ಕೊನೆಗೆ ಯಾವ ಫ್ರೇಮ್ ಹಾಕ್ಬೇಕು

ಮುಳ್ಳಯ್ಯನಗಿರಿ ಮೇಲೆ ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ತೆಗೆದ ಫೋಟೋ ಯಾರ ಮೊಬೈಲಲ್ಲಾದ್ರೂ ನೋಡಿ, ಹತ್ರದ ಹುಲ್ಲು ಚೆನ್ನಾಗೇ ಇರತ್ತೆ, ಅದರಾಚೆ ಒಂದರ ಹಿಂದೆ ಒಂದು ಇರೋ ಬೆಟ್ಟದ ಸಾಲುಗಳೆಲ್ಲ ಬೂದು ಬೂದು, ಆಕಾಶ ಅಂತೂ ಬರೀ ಬಿಳಿ. ಅಲ್ಲಿ ನಿಂತಾಗ ಕಂಡಿದ್ದು ಬೇರೆ, ಫೋಟೋಲಿ ಬಂದಿದ್ದೇ ಬೇರೆ. ಅಲ್ಲಿಂದ ಶುರುವಾಗತ್ತೆ, ಸ್ಯಾಚುರೇಷನ್ (ಬಣ್ಣ ಎಷ್ಟು ಗಾಢ ಅನ್ನೋದು) ಎಳೆಯೋದು, ಯಾವುದೋ ಫಿಲ್ಟರ್ ಹಾಕೋದು, ಅದೂ ಸಾಲ್ದು ಅಂತ ಚಿನ್ನದ ಬಣ್ಣದ ಬಳ್ಳಿ ಇರೋ ಫ್ರೇಮ್ ಹಾಕಿ ಸ್ಟೇಟಸ್‌ಗೆ ಏರಿಸೋದು. ಹುಲ್ಲು ರೇಡಿಯಂ ಸ್ಟಿಕ್ಕರ್ ಬಣ್ಣಕ್ಕೆ ತಿರುಗಿರತ್ತೆ, ಬೆಟ್ಟ ಮಾತ್ರ ಹಂಗೇ ಬೂದು. ನನ್ನ ಪ್ರಕಾರ ಲ್ಯಾಂಡ್‌ಸ್ಕೇಪ್ ಎಡಿಟಿಂಗಲ್ಲಿ ಮುಕ್ಕಾಲು ಪಾಲು ಬೆಳಕಿನ ಲೆಕ್ಕ, ಬಣ್ಣ ಆಮೇಲೆ, ಮತ್ತೆ ಕೊನೆಗೆ ಹಾಕೋ ಫ್ರೇಮ್ ಕೂಡ ಆ ಬೆಳಕಿನ ಲೆಕ್ಕಕ್ಕೇ ಸೇರತ್ತೆ. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಆ ಬೂದು ಎಲ್ಲಿಂದ ಬಂತು ಅನ್ನೋದು. ದೂರದ ಬೆಟ್ಟಕ್ಕೂ ನಿಮಗೂ ಮಧ್ಯೆ ಹತ್ತಿಪ್ಪತ್ತು ಕಿಲೋಮೀಟರ್ ಗಾಳಿ ಇರತ್ತೆ, ಆ ಗಾಳಿಯ ಕಣಗಳು ಬಿಸಿಲನ್ನ ಎಲ್ಲಾ ಕಡೆ ಚದುರಿಸ್ತವೆ, ನೀಲಿ ಬೆಳಕನ್ನ ಕೆಂಪಿಗಿಂತ ತುಂಬಾ ಜಾಸ್ತಿ ಚದುರಿಸ್ತವೆ, ಅದಕ್ಕೇ ದೂರದ ಬೆಟ್ಟ ನೀಲಿ ಕಾಣೋದು. ಇದರ ಜೊತೆಗೆ ಧೂಳು, ನೀರಿನ ಹನಿ ಇದ್ರೆ ಅವು ಗಾತ್ರದಲ್ಲಿ ದೊಡ್ಡವು, ಎಲ್ಲಾ ಬಣ್ಣನೂ ಹೆಚ್ಚುಕಮ್ಮಿ ಒಂದೇ ಥರ ಚದುರಿಸ್ತವೆ, ಹಾಗಾಗಿ ಬಿಳಿ. ಬೆಟ್ಟದ ಕಪ್ಪು ನೆರಳಿರೋ ಜಾಗದಿಂದ ಬೆಳಕು ಬರೋದು ಕಮ್ಮಿ, ಆದ್ರೆ ಮಧ್ಯದ ಗಾಳಿಯಿಂದ ಬಂದ ಬೆಳಕು ಅದಕ್ಕೆ ಸೇರ್ಕೊಂಡು ಕ್ಯಾಮೆರಾಗೆ ಕಪ್ಪು ಬೂದಾಗಿ ತಲುಪತ್ತೆ. ತೆಳು ಬಿಳಿ ಪಂಚೆ ಅಡ್ಡ ಹಿಡಿದು ನೋಡಿದ ಹಾಗೆ ಅಂದ್ಕೊಳ್ಳಿ, ಬಿಳಿ ಜಾಗಕ್ಕೆ ಹೆಚ್ಚೇನೂ ಆಗಲ್ಲ, ಕಪ್ಪು ಜಾಗ ಹಾಳಾಗತ್ತೆ. ಸ್ಯಾಚುರೇಷನ್ ಎಳೆದ್ರೆ ಇದು ಯಾಕೆ ಸರಿಹೋಗಲ್ಲ ಅಂದ್ರೆ ತೊಂದರೆ ಇರೋದು ಕಪ್ಪಿನಲ್ಲಿ, ನೀವು ಎಳೀತಿರೋದು ಬಣ್ಣನ.

ಅಡೋಬಿ ಕಂಪನಿಯ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮಲ್ಲಿ ಈ ಮಂಜು ಕಮ್ಮಿ ಮಾಡೋಕೆ ಡೀಹೇಜ್ ಅಂತ ಒಂದು ಸ್ಲೈಡರ್ ಇದೆ, 2015ರಲ್ಲಿ ಬಂದಿದ್ದು. ಇದರೊಳಗೆ ಅಡೋಬಿಯವರು ಏನ್ ಲೆಕ್ಕ ಇಟ್ಟಿದಾರೋ ಅವರಿಗೇ ಗೊತ್ತು, ಆದ್ರೆ ಫ್ರೀಯಾಗಿ ಸಿಗೋ ಡಾರ್ಕ್‌ಟೇಬಲ್ ಸಾಫ್ಟ್‌ವೇರಲ್ಲಿ ಇದೇ ಕೆಲಸ ಮಾಡೋ ಹೇಜ್ ರಿಮೂವಲ್ ಅನ್ನೋ ಮಾಡ್ಯೂಲ್ ಇದ್ಯಲ್ಲ, ಅದರ ಹಿಂದಿರೋ ಐಡಿಯಾ ಎಲ್ಲರಿಗೂ ಓದೋಕೆ ಸಿಗತ್ತೆ. 2009ರಲ್ಲಿ ಕೈಮಿಂಗ್ ಹೆ ಅನ್ನೋ ಕಂಪ್ಯೂಟರ್ ಸಂಶೋಧಕರು ಮತ್ತೆ ಅವರ ಜೊತೆಗಾರರು ಒಂದು ವಿಷಯ ಗಮನಿಸಿದ್ರು. ಮಂಜಿಲ್ಲದ ಹೊರಾಂಗಣ ಫೋಟೋಲಿ ಆಕಾಶ ಬಿಟ್ಟು ಯಾವ ಚಿಕ್ಕ ಜಾಗ ತಗೊಂಡ್ರೂ ಅಲ್ಲಿ ಕೆಂಪು, ಹಸಿರು, ನೀಲಿ ಮೂರರಲ್ಲಿ ಒಂದಾದ್ರೂ ಸೊನ್ನೆ ಹತ್ರ ಇರೋ ಪಿಕ್ಸೆಲ್ ಸಿಕ್ಕೇ ಸಿಗತ್ತೆ, ಎಲೆ ಆದ್ರೆ ನೀಲಿ ಕಮ್ಮಿ, ನೆರಳಾದ್ರೆ ಮೂರೂ ಕಮ್ಮಿ. ಹಂಗೆ ಸಿಗದೇ ಹೋದ್ರೆ ಆ ಹೆಚ್ಚುವರಿ ಬೆಳಕು ಗಾಳಿದು ಅಂತ ಅರ್ಥ. ಅದನ್ನ ಅಳತೆ ಮಾಡಿ ಕಳೆದುಬಿಟ್ರೆ ಆಯ್ತು, ಎಲ್ಲಿ ಮಂಜು ದಪ್ಪ ಅಲ್ಲಿ ಜಾಸ್ತಿ ಕಳೆಯೋದು, ಎಲ್ಲಿ ಕಮ್ಮಿ ಅಲ್ಲಿ ಕಮ್ಮಿ. ಇಷ್ಟು ಸರಳವಾಗಿರೋದು ಇಷ್ಟು ಚೆನ್ನಾಗಿ ಕೆಲಸ ಮಾಡತ್ತಲ್ಲ ಅಂತ ನಂಗೆ ಈಗ್ಲೂ ಆಶ್ಚರ್ಯ.

ಇದು ಎಡವೋದು ಎಲ್ಲಿ ಅನ್ನೋದೂ ಇದರಿಂದಲೇ ಗೊತ್ತಾಗತ್ತೆ. ಬಿಳಿ ಮೋಡ, ಬಿಳಿ ಬಣ್ಣದ ಗೋಡೆ, ಜಲಪಾತದ ನೊರೆ, ಇಲ್ಲೆಲ್ಲ ಮೂರೂ ಬಣ್ಣ ಜಾಸ್ತಿನೇ ಇರತ್ತೆ, ಸಾಫ್ಟ್‌ವೇರ್ ಅದನ್ನೂ ಮಂಜು ಅಂದ್ಕೊಂಡು ಕಳೆಯೋಕೆ ಹೋಗತ್ತೆ, ಜೋಗದ ರಾಜಾ ಧಾರೆ ಕೊಳೆ ಹಿಡಿದ ಹಾಗೆ ಆಗತ್ತೆ. ಆಕಾಶದಲ್ಲಿ ಕಾಳು ಕಾಳಾಗಿ ನಾಯ್ಸ್ ಏಳತ್ತೆ. ಅದಕ್ಕೆ ಪೂರ್ತಿ ಫೋಟೋಗೆ ಡೀಹೇಜ್ 60, 70 ಅಂತ ಎಳೆಯೋ ಬದಲು ಬರೀ ಬೆಟ್ಟದ ಭಾಗಕ್ಕೆ ಮಾಸ್ಕ್ ಹಾಕಿ (ಅಂದ್ರೆ ಆ ಭಾಗ ಮಾತ್ರ ಆರಿಸ್ಕೊಂಡು) 20, 25 ಕೊಟ್ರೆ ಸಾಕು. ಮತ್ತೆ ಆಗುಂಬೆ ಕಡೆ ಮಳೆಗಾಲದ ಮಂಜಿಗೆ ದಯವಿಟ್ಟು ಇದನ್ನ ಮುಟ್ಟಲೇಬೇಡಿ, ಅಲ್ಲಿ ಮಂಜೇ ಫೋಟೋ, ಅದನ್ನ ತೆಗೆದ್ರೆ ಉಳಿಯೋದು ಒಂದಷ್ಟು ಒದ್ದೆ ಮರ.

ಈಗ ಬಿಳಿಯಾಗಿ ಹೋದ ಆಕಾಶದ ವಿಷಯ. ಕಣ್ಣು ಒಂದೇ ಸಲಕ್ಕೆ ಎಲ್ಲಾ ನೋಡಲ್ಲ, ಆಕಾಶ ನೋಡುವಾಗ ಪಾಪೆ ಚಿಕ್ಕದಾಗತ್ತೆ, ನೆರಳು ನೋಡುವಾಗ ದೊಡ್ಡದಾಗತ್ತೆ, ಮಿದುಳು ಎರಡನ್ನೂ ಸೇರಿಸಿ ಒಂದು ನೋಟ ಮಾಡ್ಕೊಡತ್ತೆ. ಕ್ಯಾಮೆರಾಗೆ ಒಂದೇ ಎಕ್ಸ್‌ಪೋಷರ್, ಅಂದ್ರೆ ಇಡೀ ಫೋಟೋಗೆ ಬೆಳಕಿನ ಒಂದೇ ಅಳತೆ. ಒಳ್ಳೆ ಫುಲ್‌ಫ್ರೇಮ್ (ದೊಡ್ಡ ಅಳತೆಯ) ಸೆನ್ಸರ್ ಕಮ್ಮಿ ಐಎಸ್‌ಒಲಿ (ಬೆಳಕಿಗೆ ಸೂಕ್ಷ್ಮತೆಯ ಸೆಟ್ಟಿಂಗ್) 13, 14 ಸ್ಟಾಪ್ ವರೆಗೂ ಹಿಡಿಯತ್ತೆ, ಒಂದು ಸ್ಟಾಪ್ ಅಂದ್ರೆ ಬೆಳಕು ಡಬಲ್ ಇಲ್ಲಾ ಅರ್ಧ ಆಗೋದು, ಆದ್ರೆ ಅದೆಲ್ಲ ಉಳಿಯೋದು ರಾ ಫೈಲಲ್ಲಿ, ಅಂದ್ರೆ ಸೆನ್ಸರ್ ಹಿಡಿದ ಮಾಹಿತಿ ಹಾಗೇ ಇರೋ ಫೈಲಲ್ಲಿ ಮಾತ್ರ. ಜೆಪೆಗ್ ಅಂದ್ರೆ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಅಂದ್ರೆ 16,384 ಮೆಟ್ಟಿಲು. ಇದರಲ್ಲೂ ಒಂದು ವಿಚಿತ್ರ ಇದೆ, ಸೆನ್ಸರ್ ಬೆಳಕನ್ನ ನೇರವಾಗಿ ಎಣಿಸತ್ತೆ, ಬೆಳಕು ಡಬಲ್ ಆದ್ರೆ ನಂಬರ್ರೂ ಡಬಲ್, ಹಾಗಾಗಿ ಆ 16,384ರಲ್ಲಿ ಅರ್ಧ, ಅಂದ್ರೆ 8,192, ಬರೀ ಅತೀ ಬೆಳಕಿನ ಒಂದು ಸ್ಟಾಪಿಗೇ ಹೋಗತ್ತೆ, ಅದರ ಕೆಳಗಿನ ಸ್ಟಾಪಿಗೆ 4,096, ಹೀಗೇ ಅರ್ಧ ಅರ್ಧ ಆಗ್ತಾ ಕೊನೇ ಕತ್ತಲಿಗೆ ಬೆರಳೆಣಿಕೆಯಷ್ಟು ಉಳಿಯತ್ತೆ. ನೆರಳನ್ನ ಜಾಸ್ತಿ ಎತ್ತಿದ್ರೆ ಯಾಕೆ ಕಾಳು ಕಾಳಾಗತ್ತೆ ಅನ್ನೋದಕ್ಕೆ ಇದೊಂದು ಕಾರಣ, ಅಲ್ಲಿ ಬಂದ ಬೆಳಕೇ ಕಮ್ಮಿ ಅನ್ನೋದು ಇನ್ನೊಂದು, ಅದೇ ದೊಡ್ಡದು.

ಹಾಗಂತ ಆಕಾಶನ ಪೂರ್ತಿ ಉಡಾಯಿಸಿ ತೆಗೆದ್ರೆ ವಾಪಸ್ ತರೋಕೆ ಯಾವ ಸಾಫ್ಟ್‌ವೇರಿಗೂ ಆಗಲ್ಲ. ಹಿಸ್ಟೋಗ್ರಾಮ್ ಅಂತ ಒಂದು ಗುಡ್ಡದ ಥರದ ಗ್ರಾಫ್ ಕ್ಯಾಮೆರಾಲೂ ಇರತ್ತೆ, ಎಡಿಟಿಂಗ್ ಸಾಫ್ಟ್‌ವೇರಲ್ಲೂ ಇರತ್ತೆ, ಎಡಗಡೆ ಕತ್ತಲು, ಬಲಗಡೆ ಬೆಳಕು. ಬಲಗಡೆ ಗೋಡೆಗೆ ಒತ್ತಿ ನಿಂತಿದ್ರೆ ಅಲ್ಲಿ ಮಾಹಿತಿನೇ ಇಲ್ಲ, ಬೆಳಕಿನ ಭಾಗ ಇಳಿಸೋ ಹೈಲೈಟ್ಸ್ ಸ್ಲೈಡರ್ ಎಷ್ಟು ಕೆಳಗೆ ಎಳೆದ್ರೂ ಬಿಳಿ ಹೋಗಿ ಬೂದು ಬರತ್ತೆ ಅಷ್ಟೇ, ಮೋಡ ಬರಲ್ಲ. ತೆಗೆಯುವಾಗಲೇ ಅರ್ಧ ಒಂದು ಸ್ಟಾಪ್ ಕಮ್ಮಿ ಮಾಡಿ ತೆಗೀರಿ, ಇಲ್ಲಾ ಟ್ರೈಪಾಡ್ ಇದ್ರೆ ಒಂದು ಕಮ್ಮಿ, ಒಂದು ಸರಿ, ಒಂದು ಜಾಸ್ತಿ ಅಂತ ಮೂರು ತೆಗೆದು ಆಮೇಲೆ ಸೇರಿಸಿ. ಮೊಬೈಲಲ್ಲಿ ಎಚ್‌ಡಿಆರ್ ಅಂತ ಇದು ತಾನೇ ಆಗತ್ತೆ, ಆದ್ರೆ ಮೊಬೈಲು ನಿಮ್ಮ ಕೈಗೆ ಕೊಡೋ ಜೆಪೆಗ್ ಈಗಾಗಲೇ ಅರ್ಧ ಎಡಿಟ್ ಆಗಿರೋ ಫೋಟೋ, ಶಾರ್ಪ್ ಮಾಡಿ, ನೆರಳು ಎತ್ತಿ, ಬಣ್ಣ ಏರಿಸಿ ಕೊಟ್ಟಿರತ್ತೆ, ಅದರ ಮೇಲೆ ಇನ್ನೊಂದು ರೌಂಡ್ ಅದನ್ನೇ ಮಾಡಿದ್ರೆ ಅತಿಯಾಗತ್ತೆ.

ಇಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ, ಇಷ್ಟೆಲ್ಲ ಮಾಡೋದು ಮೋಸ ಅಲ್ವಾ ಅಂತ. 1850ರ ದಶಕದಲ್ಲೇ ಫ್ರಾನ್ಸಲ್ಲಿ ಗುಸ್ತಾವ್ ಲ ಗ್ರೇ ಅನ್ನೋರು ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಪ್ರಿಂಟ್ ಹಾಕ್ತಿದ್ರು, ಯಾಕಂದ್ರೆ ಆಗಿನ ಪ್ಲೇಟುಗಳಿಗೆ ನೀಲಿ ಬೆಳಕು ಅಂದ್ರೆ ಅತೀ ಸೂಕ್ಷ್ಮ, ಆಕಾಶ ಯಾವಾಗಲೂ ಬಿಳಿಯಾಗಿಬಿಡ್ತಿತ್ತು, ನಮ್ಮದೇ ಸಮಸ್ಯೆ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಅನ್ನೋ ಹಳ್ಳಿ ಮೇಲೆ ಚಂದ್ರ ಹುಟ್ಟೋ ಫೋಟೋ ತೆಗೆದ್ರು, ಅದನ್ನ ದಶಕಗಟ್ಟಲೆ ಮತ್ತೆ ಮತ್ತೆ ಪ್ರಿಂಟ್ ಮಾಡಿದ್ರು, ಮೊದಲ ಪ್ರಿಂಟುಗಳಲ್ಲಿ ಆಕಾಶದಲ್ಲಿ ತೆಳು ಮೋಡ ಕಾಣತ್ತೆ, ಆಮೇಲಿನವುಗಳಲ್ಲಿ ಆಕಾಶ ಕಡುಗಪ್ಪು. ಡಾರ್ಕ್‌ರೂಮಲ್ಲಿ ಕೈ ಅಡ್ಡ ಹಿಡಿದು ಒಂದು ಜಾಗ ಬೆಳ್ಳಗೆ ಉಳಿಸೋದು ಡಾಜ್, ಜಾಸ್ತಿ ಬೆಳಕು ಬಿಟ್ಟು ಕಪ್ಪು ಮಾಡೋದು ಬರ್ನ್, ಇವತ್ತಿನ ಮೊಬೈಲ್ ಎಡಿಟಿಂಗ್ ಆ್ಯಪ್ ಸ್ನ್ಯಾಪ್‌ಸೀಡಿನ ಬ್ರಷ್ಷಲ್ಲಿ ಇರೋದೂ ಅದೇ ಹೆಸರು. ನನ್ನ ಗೆರೆ ಎಲ್ಲಿ ಅಂದ್ರೆ, ಅಲ್ಲಿದ್ದ ಬೆಳಕನ್ನ ಹೇಗೆ ತೋರಿಸೋದು ಅನ್ನೋದು ನಮ್ಮಿಷ್ಟ, ಅಲ್ಲಿಲ್ಲದ ಆಕಾಶ ತಂದು ಅಂಟಿಸಿದ್ರೆ ಅದನ್ನ ಹೇಳ್ಬಿಡಬೇಕು. ಫೋಟೋಶಾಪಲ್ಲಿ 2020ರಿಂದ ಒಂದೇ ಕ್ಲಿಕ್ಕಲ್ಲಿ ಆಕಾಶ ಬದಲಾಯಿಸಬಹುದು, ಹಾಗಾಗಿ ಒಂದೇ ಥರದ ಕೆಂಪು ಮೋಡ ಹಂಪಿ ಮೇಲೂ, ಯಾಣದ ಮೇಲೂ ತೇಲ್ತಿರತ್ತೆ. ಸ್ಪರ್ಧೆಗೆ ಕಳಿಸೋರಂತೂ ನಿಯಮ ಓದ್ಕೊಳ್ಳಿ, ಅಂತಾರಾಷ್ಟ್ರೀಯ ಸಲೋನುಗಳ (ಫೋಟೋ ಸ್ಪರ್ಧೆಗಳ) ನೇಚರ್ ವಿಭಾಗದಲ್ಲಿ ಕ್ರಾಪ್ ಬಿಟ್ಟು ಬೇರೆ ರೀತಿಲಿ ಏನನ್ನೂ ಸೇರಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ.

ಬೆಳಕು ಒಂದು ಹದಕ್ಕೆ ಬಂದ ಮೇಲೆ ಬಣ್ಣ. ಬೆಳಕಿನ ಬಣ್ಣನ ಸರಿದೂಗಿಸೋ ವೈಟ್ ಬ್ಯಾಲೆನ್ಸ್ ಸ್ಲೈಡರ್ ತುಂಬಾ ಜನಕ್ಕೆ ಉಲ್ಟಾ ಅನ್ಸತ್ತೆ, ಅದರ ಅಳತೆ ಕೆಲ್ವಿನಲ್ಲಿ. ಮಧ್ಯಾಹ್ನದ ಬಿಸಿಲು ಸುಮಾರು 5,500 ಕೆಲ್ವಿನ್, ನೆರಳಿನ ಬೆಳಕು 7,000ಕ್ಕೂ ಮೇಲೆ ಮತ್ತೆ ಅದು ನೀಲಿ, ಆದ್ರೆ ಸಾಫ್ಟ್‌ವೇರಲ್ಲಿ ನಂಬರ್ 7,000ಕ್ಕೆ ಏರಿಸಿದ್ರೆ ಫೋಟೋ ಹಳದಿ ಆಗತ್ತೆ. ಯಾಕಂದ್ರೆ ನೀವು ಹೇಳ್ತಿರೋದು "ಅಲ್ಲಿದ್ದ ಬೆಳಕು ಇಷ್ಟು ನೀಲಿ ಇತ್ತು" ಅಂತ, ಸಾಫ್ಟ್‌ವೇರ್ ಅದನ್ನ ಸರಿಮಾಡೋಕೆ ಹಳದಿ ಸುರಿಯತ್ತೆ. ಹಂಪಿಯ ಮಾತಂಗ ಬೆಟ್ಟದ ಮೇಲಿಂದ ತೆಗೆದ ಸೂರ್ಯೋದಯ ಆಟೋಲಿ ಸಪ್ಪೆ ಬರೋದೂ ಇದಕ್ಕೇ, ಆ ಚಿನ್ನದ ಬಣ್ಣನ ಕ್ಯಾಮೆರಾ ದೋಷ ಅಂದ್ಕೊಂಡು ತೊಳೆದುಹಾಕತ್ತೆ. 5,500ಕ್ಕೆ ಕೂರಿಸಿದ್ರೆ ಬಂಡೆಗೆ ಬಣ್ಣ ವಾಪಸ್ ಬರತ್ತೆ.

ಮಲೆನಾಡಿನ ಹಸಿರಿಗೆ ಒಂದು ಕಿವಿಮಾತು, ಎಲೆ, ಹುಲ್ಲಿನ ಬಣ್ಣ ಬಹುಪಾಲು ಇರೋದು ಹಳದಿ ಸ್ಲೈಡರಲ್ಲಿ, ಹಸಿರಲ್ಲಿ ಅಲ್ಲ. ಬಣ್ಣ ಬಣ್ಣಕ್ಕೆ ಬೇರೆ ಬೇರೆ ಸ್ಲೈಡರ್ ಇರೋ ಪ್ಯಾನೆಲಲ್ಲಿ ಹಳದಿಯ ಸ್ಯಾಚುರೇಷನ್ 15, 20 ಇಳಿಸಿ, ಅದರ ಬೆಳಕನ್ನ ಚೂರು ಕಮ್ಮಿ ಮಾಡಿ ನೋಡಿ, ಅಡಿಕೆ ತೋಟ ತೋಟದ ಥರ ಕಾಣೋಕೆ ಶುರುವಾಗತ್ತೆ. ಇನ್ನು ಒಟ್ಟಾರೆ ಬಣ್ಣ ಬೇಕು ಅಂದ್ರೆ ಸ್ಯಾಚುರೇಷನ್ ಬಿಟ್ಟು ವೈಬ್ರೆನ್ಸ್ ಬಳಸಿ, ಅದು ಈಗಾಗಲೇ ಗಾಢವಾಗಿರೋ ಬಣ್ಣನ ಹೆಚ್ಚು ಮುಟ್ಟಲ್ಲ, ಸಪ್ಪೆ ಇರೋದನ್ನ ಎತ್ತತ್ತೆ. ಮಳೆಗಾಲದಲ್ಲಿ ಜೋಗಕ್ಕೆ ಕೆಂಪು ಮಣ್ಣಿನ ನೀರು ಬರತ್ತೆ, ಅದನ್ನ ಹಾಲಿನ ಬಿಳಿ ಮಾಡೋದು ಯಾಕೆ ಅಂತ ನಂಗಂತೂ ಅರ್ಥ ಆಗಲ್ಲ.

ಕ್ಲಾರಿಟಿ, ಸ್ಟ್ರಕ್ಚರ್, ಟೆಕ್ಸ್ಚರ್ ಇವೆಲ್ಲ ಅಕ್ಕಪಕ್ಕದ ಪಿಕ್ಸೆಲ್‌ಗಳ ಮಧ್ಯದ ವ್ಯತ್ಯಾಸನ ಜಾಸ್ತಿ ಮಾಡೋ ಸ್ಲೈಡರುಗಳು. ಬಂಡೆಗೆ ಒಳ್ಳೇದು, ಆಕಾಶಕ್ಕೆ ಕೆಟ್ಟದ್ದು. ಅತಿಯಾಯ್ತಾ ಅಂತ ಗೊತ್ತಾಗೋಕೆ ಒಂದೇ ಜಾಗ ನೋಡಿದ್ರೆ ಸಾಕು, ಫೋಟೋನ 100 ಪರ್ಸೆಂಟಿಗೆ ಝೂಮ್ ಮಾಡಿ ಬೆಟ್ಟದ ಅಂಚು ಆಕಾಶಕ್ಕೆ ತಾಗೋ ಗೆರೆ ಮೇಲೆ ಎಡದಿಂದ ಬಲಕ್ಕೆ ಹೋಗ್ತಾ ಬನ್ನಿ. ಬೆಟ್ಟದ ತಲೆ ಮೇಲೆ ಒಂದು ತೆಳು ಬಿಳಿ ಪಟ್ಟಿ ಹೊಳೀತಿದ್ರೆ, ಅದರ ಕೆಳಗೆ ಬೆಟ್ಟದ ಅಂಚು ಇರಬೇಕಾದ್ದಕ್ಕಿಂತ ಕಪ್ಪಾಗಿದ್ರೆ, ಅಷ್ಟೇ, ಸ್ಲೈಡರ್ ಅರ್ಧಕ್ಕೆ ಇಳಿಸಿ. ಮೊಬೈಲ್ ಸ್ಕ್ರೀನಲ್ಲಿ ಇದು ಗೊತ್ತೇ ಆಗಲ್ಲ, 12 ಬೈ 18 ಇಂಚು ಪ್ರಿಂಟ್ ಹಾಕಿಸಿದ ದಿನ ಎದುರಿಗೆ ಬಂದು ನಿಲ್ಲತ್ತೆ.

ಫ್ರೇಮ್ ವಿಷಯಕ್ಕೆ ಬರೋಣ, ಎಲ್ಲರೂ ಇದನ್ನ ಅಲಂಕಾರ ಅಂದ್ಕೊಂಡಿರೋದ್ರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದೇ ಬೂದು ಬಣ್ಣದ ಚೌಕನ ಕಪ್ಪು ಹಿನ್ನೆಲೆ ಮೇಲೆ ಇಟ್ರೆ ಬೆಳ್ಳಗೆ ಕಾಣತ್ತೆ, ಬಿಳಿ ಹಿನ್ನೆಲೆ ಮೇಲೆ ಇಟ್ರೆ ಮಂಕಾಗಿ ಕಾಣತ್ತೆ. ಬೂದು ಬದಲಾಗಿಲ್ಲ, ಕಣ್ಣು ಪಕ್ಕದಲ್ಲಿರೋದಕ್ಕೆ ಹೋಲಿಸಿ ಅಳೆಯತ್ತೆ. ಈಗ ನಿಮ್ಮ ಫೋಟೋಲಿ ಬೆಳಗಿನ ಮಂಜಿದೆ ಅಂದ್ಕೊಳ್ಳಿ, ಅದು ಪೂರ್ತಿ ಬಿಳಿ ಇರಲ್ಲ, ಸೊನ್ನೆ ಅಂದ್ರೆ ಕಪ್ಪು, 255 ಅಂದ್ರೆ ಬಿಳಿ ಅನ್ನೋ ಲೆಕ್ಕದಲ್ಲಿ 215, 225 ಅಷ್ಟಿರತ್ತೆ. ಅದರ ಸುತ್ತ 255ರ ಅಚ್ಚ ಬಿಳಿ ಬಾರ್ಡರ್ ಹಾಕಿದ್ರೆ ಮಂಜು ಕೊಳಕಾಗಿ ಕಾಣತ್ತೆ. ಅಚ್ಚ ಕಪ್ಪು ಹಾಕಿದ್ರೆ ಮಂಜು ಹೊಳೆಯತ್ತೆ, ಆದ್ರೆ ನೆರಳಿನ ಕಪ್ಪು ಆ ಕಪ್ಪಿನ ಪಕ್ಕ ಪೇಲವವಾಗಿ ಕಾಣತ್ತೆ. ಬೆಳಕಿನ ಮೇಲೆ ಅಷ್ಟೊತ್ತು ಕೂತು ಮಾಡಿದ ಕೆಲಸ ಕೊನೇ ಒಂದು ಕ್ಲಿಕ್ಕಲ್ಲಿ ಕೈ ತಪ್ಪಿ ಹೋಯ್ತು. ಮೂರೂ ಬಣ್ಣ 240 ಆಸುಪಾಸು ಇರೋ ಮಾಸಲು ಬಿಳಿ, ಇಲ್ಲಾ 30 ಆಸುಪಾಸಿನ ಕಡುಬೂದು, ಇವೆರಡರಲ್ಲಿ ಒಂದು ಹೆಚ್ಚುಕಮ್ಮಿ ಎಲ್ಲಾ ಲ್ಯಾಂಡ್‌ಸ್ಕೇಪಿಗೂ ಹೊಂದತ್ತೆ. ಆಕಾಶನೂ ಬಾರ್ಡರ್ರೂ ಎರಡೂ ಬೆಳ್ಳಗಿದ್ದು ಫೋಟೋ ಎಲ್ಲಿ ಮುಗೀತು ಅಂತ ಗೊತ್ತಾಗದಿದ್ರೆ ಮಧ್ಯೆ ಒಂದೆರಡು ಪಿಕ್ಸೆಲಿನ ಬೂದು ಗೆರೆ ಎಳೀರಿ.

ಬಣ್ಣದ ಬಾರ್ಡರ್ ಇನ್ನೂ ಅಪಾಯ, ಹಸಿರು ಬಾರ್ಡರ್ ಹಾಕಿದ್ರೆ ಒಳಗಿನ ಬೂದು ಮೋಡ ಒಂಚೂರು ಗುಲಾಬಿ ಕಡೆ ಹೋದ ಹಾಗೆ ಅನ್ಸತ್ತೆ. ಬಣ್ಣ ಬೇಕೇ ಬೇಕು ಅಂದ್ರೆ ಫೋಟೋ ಒಳಗಿನ ಕಡು ಜಾಗದಿಂದಲೇ ಐಡ್ರಾಪರ್ ಅನ್ನೋ ಟೂಲಲ್ಲಿ ಬಣ್ಣ ಎತ್ಕೊಂಡು, ಅದರ ಸ್ಯಾಚುರೇಷನ್ ಮುಕ್ಕಾಲು ತೆಗೆದು ಬಳಸಿ. ಮೂಲೆಗಳನ್ನ ಕಪ್ಪು ಮಾಡೋ ವಿನ್ಯೆಟ್ ಹಾಕಿದೀರಾ ಅಂದ್ರೆ ಬಿಳಿ ಫ್ರೇಮ್ ಬೇಡ, ಮೂಲೆಗೆ ಮಸಿ ಮೆತ್ತಿದ ಹಾಗೆ ಕಾಣತ್ತೆ. ಕ್ಯಾಮೆರಾ ಕಂಪನಿ ಲೋಗೋ, ಲೆನ್ಸು, ಐಎಸ್‌ಒ ಎಲ್ಲಾ ಕೆಳಗಡೆ ಬರೆಯೋ ಫ್ರೇಮ್ ಈಗ ಫ್ಯಾಷನ್ನು, ಅದು ಕಂಪನಿಗೆ ಫ್ರೀ ಜಾಹೀರಾತು, ಅದಕ್ಕಿಂತ ಹೆಚ್ಚು ಹೇಳೋದೇನಿಲ್ಲ.

ಹಾಕೋದು ಕಷ್ಟ ಏನಿಲ್ಲ. ಸ್ನ್ಯಾಪ್‌ಸೀಡಲ್ಲಿ ಫ್ರೇಮ್ಸ್ ಅಂತ ಟೂಲೇ ಇದೆ, ಡಾರ್ಕ್‌ಟೇಬಲ್ಲಲ್ಲೂ ಮಾಡ್ಯೂಲ್ ಇದೆ. ಫೋಟೋಶಾಪಲ್ಲಿ ಇಮೇಜ್ ಮೆನುಗೆ ಹೋಗಿ ಕ್ಯಾನ್ವಾಸ್ ಸೈಜ್ ತೆಗೆದು, ರಿಲೇಟಿವ್ ಅನ್ನೋದಕ್ಕೆ ಟಿಕ್ ಹಾಕಿ 300 ಪಿಕ್ಸೆಲ್ ಕೊಟ್ರೆ ಸುತ್ತ 300 ಬರಲ್ಲ, ಒಂದೊಂದು ಬದಿಗೆ 150 ಬರತ್ತೆ, ಅದು ಒಟ್ಟು ಲೆಕ್ಕ. ಫ್ರೀ ಸಾಫ್ಟ್‌ವೇರ್ ಜಿಂಪಲ್ಲೂ ಇಮೇಜ್ ಮೆನುವಲ್ಲೇ ಕ್ಯಾನ್ವಾಸ್ ಸೈಜ್ ಇರೋದು. ಮುಖ್ಯ ಏನಂದ್ರೆ ಕ್ರಾಪ್ ಮೊದಲು, ಎಡಿಟ್ ಆಮೇಲೆ, ಸೈಜ್ ಚಿಕ್ಕದು ಮಾಡಿ, ಶಾರ್ಪ್ ಮಾಡಿ, ಎಲ್ಲಾ ಆದ್ಮೇಲೆ ಫ್ರೇಮ್, ಅದನ್ನೂ ಬೇರೆ ಫೈಲಾಗಿ ಸೇವ್ ಮಾಡಿ, ಮೂಲ ಫೈಲಿಗೆ ಅಂಟಿಸಬೇಡಿ, ನಾಳೆ ಯಾರಾದ್ರೂ ದೊಡ್ಡ ಪ್ರಿಂಟ್ ಕೇಳಿದ್ರೆ ಬಾರ್ಡರ್ ಕತ್ತರಿಸ್ತಾ ಕೂರಬೇಕಾಗತ್ತೆ. ಇನ್‌ಸ್ಟಾಗ್ರಾಮಿಗೆ ಅಡ್ಡ ಫೋಟೋನ ಕತ್ತರಿಸದೇ ಹಾಕೋಕೆ ಒಂದು ಲೆಕ್ಕ ಕೊಡ್ತೀನಿ. 1080 ಬೈ 1350ರ ಮಾಸಲು ಬಿಳಿ ಹಾಳೆ, ಅದರ ಮೇಲೆ 3:2 ಅಳತೆಯ ಫೋಟೋ 1000 ಅಗಲ, 667 ಎತ್ತರ, ಅಕ್ಕಪಕ್ಕ 40 40. ಮೇಲೆ ಕೆಳಗೆ ಸಮ ಮಾಡಿದ್ರೆ ಫೋಟೋ ಜಾರಿ ಕೆಳಗೆ ಇಳಿದ ಹಾಗೆ ಕಾಣತ್ತೆ, ಅದಕ್ಕೆ ಮೇಲೆ 310, ಕೆಳಗೆ 373 ಬಿಡಿ. ಕಟ್ಟು ಹಾಕೋ ಅಂಗಡಿಯವರು ಮೌಂಟ್ ಬೋರ್ಡ್ ಕತ್ತರಿಸುವಾಗ ಕೆಳಗಡೆ ಸ್ವಲ್ಪ ಜಾಸ್ತಿ ಬಿಡೋದೂ ಇದೇ ಕಾರಣಕ್ಕೆ.

ಪ್ರಿಂಟಿಗೆ ಕೊಡೋರಿಗೆ ಎರಡು ಮಾತು. 300 ಡಿಪಿಐ, ಅಂದ್ರೆ ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 12 ಬೈ 18 ಇಂಚಿಗೆ 3600 ಬೈ 5400 ಪಿಕ್ಸೆಲ್ ಬೇಕು, ಹತ್ರತ್ರ 19 ಮೆಗಾಪಿಕ್ಸೆಲ್, ಗೋಡೆಗೆ ಹಾಕಿ ದೂರದಿಂದ ನೋಡೋದಾದ್ರೆ ಅದಕ್ಕಿಂತ ಕಮ್ಮಿ ಇದ್ರೂ ನಡೆಯತ್ತೆ. ಪ್ರಿಂಟ್ ಕಪ್ಪಾಗಿ ಬಂತು ಅಂತ ಲ್ಯಾಬಿನವರ ಜೊತೆ ಜಗಳಕ್ಕೆ ಹೋಗೋ ಮುಂಚೆ ನಿಮ್ಮ ಸ್ಕ್ರೀನ್ ಬ್ರೈಟ್ನೆಸ್ ನೋಡಿ, ಫುಲ್ ಬ್ರೈಟ್ನೆಸ್ಸಲ್ಲಿ, ಅದೂ ಕಪ್ಪು ಹಿನ್ನೆಲೆಯ ಸಾಫ್ಟ್‌ವೇರಲ್ಲಿ ಎಡಿಟ್ ಮಾಡಿದ್ರೆ ಫೋಟೋ ಇರೋದಕ್ಕಿಂತ ಬೆಳ್ಳಗೆ ಕಾಣ್ತಿರತ್ತೆ, ಮತ್ತೆ ಅದೇ ಅಕ್ಕಪಕ್ಕದ ಲೆಕ್ಕ. ಹಿನ್ನೆಲೆನ ಬಿಳಿ ಮಾಡಿ ಒಂದ್ಸಲ ನೋಡಿ, ಆಮೇಲೆ ಎಕ್ಸ್‌ಪೋಷರ್ ನೀವೇ ಚೂರು ಏರಿಸ್ತೀರ.

ಇನ್ನು ಟೇಬಲ್ ಮೇಲೆ ಇಡೋ ಡಿಜಿಟಲ್ ಫೋಟೋ ಫ್ರೇಮು, ಊರಲ್ಲಿರೋ ಅಪ್ಪ ಅಮ್ಮನಿಗೆ ಗಿಫ್ಟ್ ಕೊಡೋಕೆ ಈಗ ತುಂಬಾ ಜನ ತಗೊಳ್ತಾರೆ. 10 ಇಂಚಿನವು ಬಹಳಷ್ಟು 1280 ಬೈ 800 ಪಿಕ್ಸೆಲ್. ಕ್ಯಾಮೆರಾದ 3:2 ಫೋಟೋ ಅದರಲ್ಲಿ 1200 ಅಗಲಕ್ಕೆ ನಿಲ್ಲತ್ತೆ, ಎರಡೂ ಬದಿ 40 ಪಿಕ್ಸೆಲ್ ಕಪ್ಪು ಪಟ್ಟಿ, ಮೊಬೈಲಿನ 4:3 ಆದ್ರೆ ಒಂದೊಂದು ಬದಿಗೆ ನೂರರ ಮೇಲೆ. ಪಟ್ಟಿ ಬೇಡ ಅಂತ ಫಿಲ್ ಆಪ್ಷನ್ ಒತ್ತಿದ್ರೆ ಅದು ಮೇಲಿಂದ ಕೆಳಗಿಂದ ತನಗೆ ತೋಚಿದ ಹಾಗೆ ಕತ್ತರಿಸತ್ತೆ, ಬೆಟ್ಟದ ತುದಿನೇ ಹೋಗಿರತ್ತೆ. ಅದಕ್ಕೆ ನೀವೇ 16:10ಕ್ಕೆ ಕ್ರಾಪ್ ಮಾಡಿ 1280 ಬೈ 800 ಜೆಪೆಗ್, ಕಲರ್ ಸೆಟ್ಟಿಂಗ್ ಎಸ್‌ಆರ್‌ಜಿಬಿ ಅಂತ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕೋದು ಒಳ್ಳೇದು. ಐಫೋನಿನ ಎಚ್‌ಇಐಸಿ ಫೈಲು ಎಷ್ಟೋ ಫ್ರೇಮುಗಳಲ್ಲಿ ತೆರೆಯೋದೇ ಇಲ್ಲ. ಉದ್ದ ತೆಗೆದ ಫೋಟೋ ಕೆಲವದರಲ್ಲಿ ಮಲಗಿಕೊಂಡು ಬರತ್ತೆ, ಅದನ್ನ ಕಂಪ್ಯೂಟರಲ್ಲೇ ತಿರುಗಿಸಿ ಹೊಸದಾಗಿ ಸೇವ್ ಮಾಡಿ ಹಾಕಿದ್ರೆ ಸರಿಹೋಗತ್ತೆ. ತಗೊಳ್ಳುವಾಗ ಸ್ಕ್ರೀನ್ ಐಪಿಎಸ್ ಪ್ಯಾನೆಲ್ಲಾ ಅಂತ ಕೇಳಿ, ಇಲ್ಲಾಂದ್ರೆ ಸೋಫಾದಲ್ಲಿ ಪಕ್ಕಕ್ಕೆ ಕೂತೋರಿಗೆ ಬಣ್ಣ ತಿರುಗಿ ಕಾಣತ್ತೆ. ಬ್ರೈಟ್ನೆಸ್ ಅಂಗಡಿಲಿ ಇದ್ದ ಹಾಗೆ ಫುಲ್ ಬಿಡಬೇಡಿ, ಸಂಜೆ ಲೈಟ್ ಹಾಕಿದಾಗ ಪಕ್ಕದ ಗೋಡೆಯಷ್ಟೇ ಬೆಳಕಿರೋ ತನಕ ಇಳಿಸಿ, ರಾತ್ರಿ ತಾನೇ ಆಫ್ ಆಗೋ ಟೈಮರ್ ಇದ್ರೆ ಅದನ್ನೂ ಸೆಟ್ ಮಾಡಿಕೊಟ್ಟು ಬನ್ನಿ, ಅವರು ಪ್ಲಗ್ ಕಿತ್ತು ಬೀರು ಒಳಗೆ ಇಡೋದು ತಪ್ಪತ್ತೆ.